ಎಡಗಾಲಿನ ಚಪ್ಪಲಿ

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಲಾಯರಮ್ಮ ತಮ್ಮ ತಪ್ಪೊಪ್ಪಿಗೆಯನ್ನು ಹೇಳಿ ಬರೆಸಲು ಕೂತರು. ಅದನ್ನು ಟೈಪ್ ಮಾಡಬೇಕಾಗಿದ್ದವನು ಚುಕ್ಕಿ. ಆ ತಪ್ಪು ಲಾಯರಮ್ಮನದಲ್ಲ, ತನ್ನದು ಎಂದು ಚುಕ್ಕಿಗೆ ಗೊತ್ತಿತ್ತು. ಇವತ್ತು ನಿನ್ನೆ ಗೊತ್ತಾದದ್ದಲ್ಲ, ಹದಿನೆಂಟು ವರ್ಷದಿಂದ ಗೊತ್ತಿತ್ತು.

ಚುಕ್ಕಿ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಹಳೇ ಟೈಪ್‌ರೈಟರಿನ ಕಾಲದಲ್ಲಿ ವಾಕ್ಯ ಮುಗಿದಾಗಲೆಲ್ಲ ಅವನು ಪೂರ್ಣವಿರಾಮದ ಕೀಲಿಯನ್ನು ಎಷ್ಟು ಜೋರಾಗಿ ಕುಟ್ಟುತ್ತಿದ್ದನೆಂದರೆ ಕಾಗದ ತೂತು ಬೀಳುತ್ತಿತ್ತು. ನ್ಯಾಯಾಧೀಶರೊಬ್ಬರು ಅವನು ಟೈಪ್ ಮಾಡಿದ ಅರ್ಜಿಯೊಂದನ್ನು ಬೆಳಕಿಗೆ ಹಿಡಿದು, ಲಾಯರಮ್ಮನನ್ನು "ಏನಮ್ಮಾ, ಇದು ಅರ್ಜಿನೋ ಜರಡಿನೋ?" ಎಂದು ಕೇಳಿದ್ದರು. ಹೆಸರು ಅವತ್ತು ಅಂಟಿಕೊಂಡಿತು. ಈಗ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿದೆ, ಅವನಿಗೆ ಐವತ್ತನಾಲ್ಕು ತುಂಬಿದೆ, ತಲೆ ಅರ್ಧ ಬೋಳಾಗಿದೆ. ಕೋರ್ಟಿನ ಕ್ಯಾಂಟೀನಿನವನಿಂದ ಹಿಡಿದು ರಿಜಿಸ್ಟ್ರಾರರವರೆಗೆ ಎಲ್ಲರಿಗೂ ಅವನು ಚುಕ್ಕಿಯೇ.

ಲಾಯರಮ್ಮನ ವಿಷಯ ಹೇಳಬೇಕೆಂದರೆ, ಸರ್ಕಾರ ಬರೆದದ್ದನ್ನು ಓದಿ "ಹೌದಾ?" ಎಂದು ಕೇಳುವುದೇ ಅವರ ಜೀವಮಾನದ ಕಸುಬು. ಪೊಲೀಸ್ ಠಾಣೆಯ ಬಚ್ಚಲಲ್ಲಿ ಜಾರಿ ಬಿದ್ದು ಒಬ್ಬ ಸತ್ತನೆಂದು ವರದಿ ಬಂದಾಗ ಅವರು ಹೊಲಿಗೆಯವನ ಅಳತೆಪಟ್ಟಿ ತೆಗೆದುಕೊಂಡು ಹೋಗಿ ಆ ಬಚ್ಚಲನ್ನು ಅಳೆದಿದ್ದರು. ಮೂರಡಿಗೆ ಮೂರಡಿ. "ಮಹಾಸ್ವಾಮಿ, ಆರಡಿ ಎತ್ತರದ ಮನುಷ್ಯ ಅಲ್ಲಿ ಗೋಡೆಗೆ ಒರಗಬಹುದು, ಬೀಳೋದಕ್ಕೆ ಜಾಗ ಇಲ್ಲ" ಎಂದರು. ಕೈಗವಸು ಹಾಕಿಕೊಳ್ಳದೆ ಕಂಬ ಹತ್ತಿದ್ದಕ್ಕೆ ಲೈನ್‌ಮನ್ ಸತ್ತ ಎಂದು ಇಲಾಖೆ ಕೈ ತೊಳೆದುಕೊಂಡಾಗ ಉಗ್ರಾಣದ ಪುಸ್ತಕ ತರಿಸಿ, ಆರು ವರ್ಷದಿಂದ ಆ ಇಲಾಖೆ ಒಂದು ಜೊತೆ ಕೈಗವಸನ್ನೂ ಕೊಂಡಿಲ್ಲವೆಂದು ತೋರಿಸಿದರು. ಮದುವೆಯಾಗಲಿಲ್ಲ. ತಂಗಿಯ ಜೊತೆ ಒಂದು ಸಣ್ಣ ಮನೆ; ಅದರ ಮುಂದಿನ ಕೋಣೆಯೇ ಕಚೇರಿ. ಕೈಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ಸರ್ಕಾರಿ ವರದಿಯ ಅಂಚಿನ ತುಂಬ ಒಂದೇ ಪ್ರಶ್ನೆ ಬರೆಯುತ್ತಿದ್ದರು: ಯಾರು ನೋಡಿದ್ದು? ಯಾರು ಹೇಳಿದ್ದು?

ಇಂಥವರ ಕಚೇರಿಯೊಳಗೇ ಒಂದು ಸುಳ್ಳು ಹದಿನೆಂಟು ವರ್ಷ ಆರಾಮಾಗಿ ಕಾಲು ಚಾಚಿಕೊಂಡು ಮಲಗಿತ್ತು. ಅದಕ್ಕೆ ಹೊದಿಕೆ ಹೊದಿಸುತ್ತಿದ್ದವನು ಚುಕ್ಕಿ.

ಅದು ದೋಣಿಯ ಕೇಸು. ಊರಿನ ಎರಡು ದಡಗಳ ನಡುವೆ ಓಡಾಡುತ್ತಿದ್ದ ಸರ್ಕಾರಿ ಮೋಟಾರು ದೋಣಿ ಒಂದು ಬೆಳಿಗ್ಗೆ ನಡುಹೊಳೆಯಲ್ಲಿ ಮಗುಚಿ ಮೂವತ್ತೊಂದು ಜನ ಸತ್ತರು. ಬದುಕಿ ದಡ ಸೇರಿದವರು ಒಂಬತ್ತು ಜನ. ಸರ್ಕಾರದ ವರದಿ ಹದಿನೈದೇ ದಿನದಲ್ಲಿ ಬಂತು: ದೋಣಿ ಗಟ್ಟಿಮುಟ್ಟಾಗಿಯೇ ಇತ್ತು, ಪ್ರಯಾಣಿಕರು ಏನನ್ನೋ ನೋಡಲು ಒಂದೇ ಬದಿಗೆ ನುಗ್ಗಿದರು, ಅದಕ್ಕೇ ಮಗುಚಿತು. ಅಂದರೆ ಸತ್ತವರ ಸಾವಿಗೆ ಸತ್ತವರೇ ಕಾರಣ. ಬದುಕಿದವರು ಹೇಳಿದ್ದು ಬೇರೆ. ದೋಣಿ ನೆಟ್ಟಗಿದ್ದಾಗಲೇ ತಳದಿಂದ ನೀರು ಬಂತು, ನೀರು ಕಂಡ ಮೇಲೆ ಜನ ಎದ್ದರು ಎನ್ನುತ್ತಿದ್ದರು. ಇಡೀ ಕೇಸು ನಿಂತದ್ದು ಈ ಒಂದು ಮಾತಿನ ಮೇಲೆ. ಮೊದಲು ಬಂದದ್ದು ನೀರೋ, ನೂಕುನುಗ್ಗಲೋ?

ಲಾಯರಮ್ಮ ಒಂಬತ್ತು ಜನರ ಮನೆಗೂ ಹೋದರು. ಒಬ್ಬೊಬ್ಬರಿಗೂ ಒಂದೊಂದು ತೆಳು ನೋಟ್‌ಬುಕ್ ಇಟ್ಟು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡರು. ಒಬ್ಬಳು ಶಾಲೆಯ ಟೀಚರ್, "ಎಡಗಾಲಿನ ಚಪ್ಪಲಿಯೊಳಗೆ ತಣ್ಣಗೆ ನೀರು ಬಂದದ್ದು ನನಗೆ ಮೊದಲು ಗೊತ್ತಾಯಿತು" ಎಂದಿದ್ದಳು. ಇನ್ನೊಬ್ಬರು ನಿವೃತ್ತ ಪೋಸ್ಟ್‌ಮ್ಯಾನ್. ನೌಕರಿಯಲ್ಲಿದ್ದಾಗ ಸೈಕಲ್ಲಿಗೆ ಲಾರಿ ಬಡಿದು ಅವರ ಎಡಗಾಲು ಮೊಣಕಾಲಿನಿಂದ ಕೆಳಕ್ಕೆ ಹೋಗಿತ್ತು, ಊರುಗೋಲಿನಲ್ಲಿ ನಡೆಯುತ್ತಿದ್ದರು. ದೋಣಿಯಲ್ಲಿ ಅವರ ಪಕ್ಕದಲ್ಲಿ ಕೂತಿದ್ದ ಮಗಳು ಮುಳುಗಿಹೋಗಿದ್ದಳು. ಇವರನ್ನು ಯಾರೋ ಕಾಲರ್ ಹಿಡಿದು ಎಳೆದುಹಾಕಿದ್ದರು. ಕನ್ನಡಕ ಹೊಳೆಯ ಪಾಲಾಗಿತ್ತು.

ಎಲ್ಲರ ಹೇಳಿಕೆಯೂ ಅಫಿಡವಿಟ್ ಆಗಬೇಕಿತ್ತು. ಎಂದರೆ ಸಾಕ್ಷಿ ಪ್ರಮಾಣ ಮಾಡಿ ಸಹಿ ಹಾಕುವ ಕಾಗದ. ಈ ಕೆಲಸದಲ್ಲಿ ಟೈಪಿಸ್ಟರದೊಂದು ರೂಢಿ ಇದೆ. ಯಾರೂ ಪ್ರತಿಸಲ ಖಾಲಿ ಹಾಳೆಯಿಂದ ಶುರುಮಾಡುವುದಿಲ್ಲ. ಮೊದಲನೆಯವರದನ್ನು ಟೈಪ್ ಮಾಡಿ, ಅದನ್ನೇ ಅಚ್ಚು ಇಟ್ಟುಕೊಂಡು, ಹೆಸರು ವಯಸ್ಸು ವಿಳಾಸ ತಿದ್ದಿ, ನಡುವಿನ ಪ್ಯಾರಾಗಳನ್ನು ಅಳಿಸಿ ಹೊಸದಾಗಿ ತುಂಬುತ್ತಾರೆ. ಕೊನೆಯ ಸಾಲು ಮಾತ್ರ ಎಲ್ಲರಿಗೂ ಒಂದೇ: ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ, ಎಲ್ಲವೂ ಸರಿಯಾಗಿದೆ.

ಚುಕ್ಕಿ ಟೀಚರಮ್ಮನದನ್ನು ಅಚ್ಚು ಮಾಡಿಕೊಂಡ. ಆರು ಅಫಿಡವಿಟ್‌ಗಳನ್ನು ಅಚ್ಚುಕಟ್ಟಾಗಿಯೇ ಮಾಡಿದ. ಉಳಿದ ಮೂರು ಕೊನೆಯ ದಿನಕ್ಕೆ ಬಂದವು. ಅವತ್ತು ಸಂಜೆ ಐದಕ್ಕೆ ಅವನು ಫೋಟೋ ಸ್ಟುಡಿಯೋದಲ್ಲಿರಬೇಕಿತ್ತು. ಭಾವಮೈದುನ ಬಂದಿದ್ದ, ಹೆಂಡತಿ ಎರಡು ತಿಂಗಳಿಂದ ಬೆನ್ನು ಹತ್ತಿದ್ದಳು, ಮಗಳಿಗೆ ಹೊಸ ಫ್ರಾಕು ತಂದಾಗಿತ್ತು. ಲಾಯರಮ್ಮ ಬೇರೆ ಕೋರ್ಟಿಗೆ ಹೋಗಿದ್ದರು. ಮೂರೂ ಸಾಕ್ಷಿಗಳು ಬೆಂಚಿನ ಮೇಲೆ ಕೂತು ಗೋಡೆ ನೋಡುತ್ತಿದ್ದರು. ಗಡಿಯಾರ ನಾಲ್ಕೂ ಕಾಲು ತೋರಿಸುತ್ತಿತ್ತು. ಚುಕ್ಕಿ ಹೆಸರು ತಿದ್ದಿದ, ವಯಸ್ಸು ತಿದ್ದಿದ, ವಿಳಾಸ ತಿದ್ದಿದ. ಆರನೇ ಪ್ಯಾರಾಕ್ಕೆ ಬಂದಾಗ, ನೀರು ತಾನೇ, ಎಲ್ಲರೂ ಹೇಳುವುದು ಅದನ್ನೇ ತಾನೇ ಎಂದುಕೊಂಡ. ಹಾಗೇ ಬಿಟ್ಟ. ಮೂರನ್ನೂ ಪ್ರಿಂಟ್ ತೆಗೆದು ಬೆಂಚಿನ ಹತ್ತಿರ ಒಯ್ದು, "ಇಲ್ಲಿ ಸಹಿ ಹಾಕಿ" ಎಂದು ಬೆರಳು ತೋರಿಸಿದ.

ಪೋಸ್ಟ್‌ಮ್ಯಾನ್ ಯಜಮಾನರು ಕಾಗದವನ್ನು ಮೂಗಿನ ಹತ್ತಿರ ತಂದು, ದೂರ ಹಿಡಿದು, "ಕನ್ನಡಕ ಇಲ್ಲಪ್ಪ. ನೀನು ಓದಿದೀಯಲ್ಲ?" ಎಂದರು.

"ಓದಿದೀನಿ ಯಜಮಾನ್ರೇ. ಎಲ್ಲಾ ಸರಿಯಾಗಿದೆ."

ಅವರು ಮನಿಯಾರ್ಡರಿಗೆ ಸಹಿ ಹಾಕುವ ಹಾಗೆ ನಿಧಾನವಾಗಿ, ದುಂಡಗೆ ಸಹಿ ಹಾಕಿದರು. ಲಾಯರಮ್ಮ ಬಾಗಿಲಲ್ಲಿ ಎದುರಾಗಿ, "ಒಬ್ಬೊಬ್ಬರಿಗೂ ಓದಿ ಹೇಳಿದ್ಯಾ?" ಎಂದು ಕೇಳಿದರು. ಚುಕ್ಕಿ ಚಪ್ಪಲಿ ಮೆಟ್ಟುತ್ತಲೇ, "ಹೂಂ ಅಮ್ಮ" ಎಂದ. ಐದಕ್ಕೆ ಸರಿಯಾಗಿ ಸ್ಟುಡಿಯೋ ತಲುಪಿದ. ಫೋಟೋದವನು ಎಲ್ಲರನ್ನೂ ನಗಿಸಿ ಫೋಟೋ ಹೊಡೆದ.

ನಾಲ್ಕು ಅಫಿಡವಿಟ್‌ಗಳಲ್ಲಿ ಒಂದೇ ಎಡಗಾಲಿನ ಚಪ್ಪಲಿ ಇರುವುದನ್ನು ಸರ್ಕಾರಿ ವಕೀಲರು ಕಂಡುಹಿಡಿದರು. ಆ ಮನುಷ್ಯ ಜಾಣ. ನಾಲ್ವರಲ್ಲಿ ಒಬ್ಬರನ್ನು ಮಾತ್ರ ಪ್ರಶ್ನೆಗೆ ಕರೆದರು.

"ಯಜಮಾನರೇ, ಇದು ನಿಮ್ಮ ಸಹೀನಾ?"

"ಹೌದು ಸ್ವಾಮಿ."

"ಸಹಿಗೆ ಮುಂಚೆ ನಿಮಗೆ ಓದಿ ಹೇಳಿದ್ರಾ?"

ಪೋಸ್ಟ್‌ಮ್ಯಾನರು ಹಿಂದಿನ ಬೆಂಚಿನತ್ತ ನೋಡಿದರು. ಅಲ್ಲಿ ಚುಕ್ಕಿ ಕಡತ ತಬ್ಬಿಕೊಂಡು ಕೂತಿದ್ದ. "ಹೇಳಿರಬೇಕು ಸ್ವಾಮಿ. ಕೆಳಗೆ ಹಾಗೆ ಬರೆದಿದೆಯಂತಲ್ಲ."

"ಸಂತೋಷ. ಆರನೇ ಪ್ಯಾರಾದಲ್ಲಿ, ನೀರು ಮೊದಲು ನಿಮ್ಮ ಎಡಗಾಲಿನ ಚಪ್ಪಲಿಯೊಳಗೆ ಬಂತು ಅಂತಿದೆ. ದಯವಿಟ್ಟು ಆ ಎಡಗಾಲನ್ನ ನ್ಯಾಯಾಲಯಕ್ಕೆ ಸ್ವಲ್ಪ ತೋರಿಸ್ತೀರಾ?"

ಕೋರ್ಟು ಘೊಳ್ಳೆಂದು ನಕ್ಕಿತು. ಬಾಗಿಲ ಹತ್ತಿರದ ಪೊಲೀಸಿನವನೂ ನಕ್ಕ. ಪೋಸ್ಟ್‌ಮ್ಯಾನರು ಮಡಚಿ ಪಿನ್ನು ಹಾಕಿದ ತಮ್ಮ ಪ್ಯಾಂಟಿನ ಕಾಲನ್ನು ನೋಡಿಕೊಂಡು, "ಆ ಮಾತು ನಂದಲ್ಲ" ಎಂದರು. ಯಾರಿಗೂ ಕೇಳಿಸಲಿಲ್ಲ. ಚುಕ್ಕಿಗೆ ಕೇಳಿಸಿತು.

ಲಾಯರಮ್ಮ ಎದ್ದು ನಿಂತರು. "ಮಹಾಸ್ವಾಮಿ, ತಪ್ಪು ಸಾಕ್ಷಿಯದಲ್ಲ. ನನ್ನ ಕಚೇರಿಯದು. ನನ್ನ ಕಚೇರಿ ಅಂದರೆ ನಾನು."

ಸಾಕ್ಷಿಗಳಿಗೆ ಹೇಳಿಕೊಟ್ಟು ಕಥೆ ಕಟ್ಟಿಸಲಾಗಿದೆ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು. ಅರ್ಜಿ ವಜಾ ಆಯಿತು. ವಕೀಲರ ಪರಿಷತ್ತು ಲಾಯರಮ್ಮನನ್ನು ಆರು ತಿಂಗಳು ಕೋರ್ಟಿನಿಂದ ಹೊರಗಿಟ್ಟಿತು. ಪತ್ರಿಕೆಯೊಂದು ಊರುಗೋಲಿನ ಮನುಷ್ಯನಿಗೆ ಎರಡು ಚಪ್ಪಲಿ ತೊಡಿಸಿ ವ್ಯಂಗ್ಯಚಿತ್ರ ಹಾಕಿತು.

ಮಾರನೇ ದಿನ ಅವರು ಕೆಂಪು ಪೆನ್ಸಿಲ್ ಹಿಡಿದು, ಕಣ್ಣೆತ್ತದೆ ಚುಕ್ಕಿಯನ್ನು ಕೇಳಿದರು. "ಅವರಿಗೆ ಓದಿ ಹೇಳಿದ್ದೆ ಅಲ್ವಾ?"

ಬಾಯಿ ಬಿಡುವುದಕ್ಕೆ ಅದೇ ಸಮಯ. ಒಂದು 'ಇಲ್ಲ' ಅಂದಿದ್ದರೆ ಮುಗಿಯುತ್ತಿತ್ತು. ನಾಲ್ಕು ಬೈಗುಳ, ಹೆಚ್ಚೆಂದರೆ ನೌಕರಿ. ಚುಕ್ಕಿಯ ನಾಲಿಗೆ ಮೊದಲೊಮ್ಮೆ ಹೊರಳಿದ ಕಡೆಗೇ ಮತ್ತೆ ಹೊರಳಿತು. "ಓದಿ ಹೇಳಿದ್ದೆ ಅಮ್ಮ. ಅವರೇ ತಲೆ ಆಡಿಸಿದ್ರು."

"ಹಾಗಾದ್ರೆ ನಾನೇ ನೋಟ್‌ಬುಕ್ ಅದಲುಬದಲು ಮಾಡಿ ನಿನಗೆ ಕೊಟ್ಟಿರಬೇಕು," ಎಂದರು ಲಾಯರಮ್ಮ. ಪೋಸ್ಟ್‌ಮ್ಯಾನರ ನೋಟ್‌ಬುಕ್ ಹುಡುಕಿದರು, ಸಿಗಲಿಲ್ಲ. ಅದು ಅಷ್ಟು ಹೊತ್ತಿಗೆ ಚುಕ್ಕಿಯ ಬುತ್ತಿಯ ಚೀಲದಲ್ಲಿತ್ತು.

ಅದನ್ನು ಸುಟ್ಟುಹಾಕಲು ಅವನಿಂದ ಆಗಲಿಲ್ಲ. ಕಾಗದ ಸುಡುವವರ ವಿರುದ್ಧ ಅಷ್ಟು ವರ್ಷ ಅರ್ಜಿ ಟೈಪ್ ಮಾಡಿದ ಕೈ ಅದು. ಸ್ಟುಡಿಯೋ ಫೋಟೋಕ್ಕೆ ಕಟ್ಟು ಹಾಕಿಸಿ ತಂದಾಗ ನೋಟ್‌ಬುಕ್ಕನ್ನು ಅದರ ಹಿಂದೆ ಸಿಕ್ಕಿಸಿ ಗೋಡೆಗೆ ತೂಗುಹಾಕಿದ. ಅವತ್ತಿನಿಂದ ಫೋಟೋ ಗೋಡೆಗೆ ಸರಿಯಾಗಿ ಕೂರದೆ ಮುಂದಕ್ಕೆ ಬಾಗಿಕೊಂಡೇ ಇತ್ತು. "ಇದ್ಯಾಕೆ ಹೀಗೆ ಬಗ್ಗಿ ನಮ್ಮನ್ನೇ ನೋಡುತ್ತೆ?" ಎಂದು ಹೆಂಡತಿ ವರ್ಷಕ್ಕೊಮ್ಮೆಯಾದರೂ ಕೇಳುತ್ತಿದ್ದಳು. ಮೊಳೆ ಸರಿಯಿಲ್ಲ ಎನ್ನುತ್ತಿದ್ದ.

ಆಮೇಲಿನ ವರ್ಷಗಳಲ್ಲಿ ಚುಕ್ಕಿ ಒಳ್ಳೆಯವನಾಗಲು ಬಹಳ ಕಷ್ಟಪಟ್ಟ. ಒಂದು ದಿನವೂ ತಡವಾಗಿ ಬರಲಿಲ್ಲ. ಅಚ್ಚು ಬಳಸುವುದನ್ನೇ ಬಿಟ್ಟ. ಪ್ರತಿಯೊಂದು ಅಫಿಡವಿಟ್ಟನ್ನೂ ಸಾಕ್ಷಿಗೆ ಎರಡೆರಡು ಸಲ ಓದಿ ಹೇಳಿ ತಲೆ ಚಿಟ್ಟು ಹಿಡಿಸುತ್ತಿದ್ದ. ಆದರೆ ಹೊಳೆಯಾಚೆ ಇದ್ದ ಅಕ್ಕನ ಮನೆಗೆ ದೋಣಿಯಲ್ಲಿ ಹತ್ತು ನಿಮಿಷದಲ್ಲಿ ಹೋಗುವುದು ಬಿಟ್ಟು, ಸೇತುವೆ ಬಳಸಿ ಒಂದೂವರೆ ಗಂಟೆ ಬಸ್ಸಿನಲ್ಲಿ ಹೋಗುತ್ತಿದ್ದ. ದೋಣಿಕಟ್ಟೆಯಲ್ಲಿ ಸರ್ಕಾರ ಒಂದು ಫಲಕ ಹಾಕಿತ್ತು: ಒಂದೇ ಬದಿಗೆ ನುಗ್ಗಬೇಡಿ, ಹಿಂದೆ ಹೀಗೆ ನುಗ್ಗಿ ಮೂವತ್ತೊಂದು ಜನ ಪ್ರಾಣ ಕಳೆದುಕೊಂಡಿದ್ದಾರೆ. ಅದನ್ನು ಒಂದು ಸಲ ಓದಿದ್ದ. ಎರಡನೇ ಸಲ ಓದುವ ಧೈರ್ಯ ಬರಲಿಲ್ಲ.

ಈಗ ಆ ಕೇಸು ಎದ್ದು ಕೂತಿತ್ತು. ದೋಣಿ ಇಲಾಖೆಯ ನಿವೃತ್ತ ಬಡಗಿಯೊಬ್ಬ ಸಾಯುವ ಮುಂಚೆ ಲಾಯರಮ್ಮನಿಗೆ ರಿಪೇರಿ ಪುಸ್ತಕ ಕೊಟ್ಟುಹೋಗಿದ್ದ. ತಳದ ಹಲಗೆಗೆ ಮೂರು ಸಲ ಬರೀ ಡಾಂಬರು ಬಳಿದು ಬಿಟ್ಟದ್ದು ಅದರಲ್ಲಿತ್ತು. ಕೇಸನ್ನು ಮತ್ತೆ ಕೇಳಲು ಕೋರ್ಟು ಒಪ್ಪಿತು, ಆದರೆ ಒಂದು ಷರತ್ತು ಹಾಕಿತು: ಹಳೇ ಅಫಿಡವಿಟ್‌ಗಳು ಹಾಗೇಕಾದವು ಎಂದು ಸೋಮವಾರದೊಳಗೆ ಪ್ರಮಾಣ ಮಾಡಿ ತಿಳಿಸಬೇಕು. ಆ ವಿವರಣೆ ನಂಬುವಂತಿದ್ದರೆ ಕೇಸು ಮುಂದಕ್ಕೆ, ಇಲ್ಲದಿದ್ದರೆ ಶಾಶ್ವತವಾಗಿ ಮುಚ್ಚಿದಂತೆ.

ಲಾಯರಮ್ಮನಿಗೆ ಎಪ್ಪತ್ತಾರು. ಕೈ ನಡುಗುತ್ತದೆ, ದನಿ ಮಾತ್ರ ನಡುಗುವುದಿಲ್ಲ.

"ಬರ್ಕೋ," ಎಂದರು. "ಪೋಸ್ಟ್‌ಮ್ಯಾನರ ನೋಟ್‌ಬುಕ್ಕನ್ನು ನಾನು ಕಳೆದೆ. ಅವರ ಮತ್ತು ಇನ್ನಿಬ್ಬರ ಹೇಳಿಕೆಯನ್ನು ಟೀಚರಮ್ಮನದರ ಜೊತೆ ಬೆರೆಸಿ ಬರೆಸಿದೆ. ಅದನ್ನು ಪೋಸ್ಟ್‌ಮ್ಯಾನರಿಗೆ ಓದಿ ಹೇಳಿದ್ದರೂ, ಮಗಳು ತೀರಿಕೊಂಡ ದುಃಖದಲ್ಲಿ ಅವರು ಗಮನಿಸಲಿಲ್ಲ... ಏನು, ನಿಂತುಬಿಟ್ಟೆ?"

"ಏನಿಲ್ಲ ಅಮ್ಮ."

"ಸರ್ಕಾರಿ ವಕೀಲರು ಹಬ್ಬ ಮಾಡ್ತಾರೆ ಇದನ್ನ ಹಿಡ್ಕೊಂಡು. ಲಾಯರೇ ಬೆರೆಸಿದೀನಿ ಅಂತ ಒಪ್ಕೊಂಡಾಯ್ತಲ್ಲ ಅಂತಾರೆ. ಏನ್ಮಾಡೋದು? ನಡೆದದ್ದು ಅದೇ. ಬೇರೆಯವರ ಸುಳ್ಳನ್ನ ಎತ್ತಿ ಆಡಿದವಳು ನಾನು, ನನ್ನದನ್ನ ಮುಚ್ಚಿಡೋಕಾಗುತ್ತಾ?"

ಚುಕ್ಕಿಗೆ ಈಗ ಅರ್ಥವಾಯಿತು. ಜೀವಮಾನವೆಲ್ಲ ಸುಳ್ಳು ಪ್ರಮಾಣ ಹಿಡಿದುಕೊಟ್ಟ ಹೆಂಗಸು, ತನ್ನನ್ನು ನಂಬಿ, ಸಂಜೆ ಹೋಗಿ ಸುಳ್ಳು ಪ್ರಮಾಣ ಮಾಡಿ ಬರುತ್ತಾರೆ. ಅದೂ ಸುಳ್ಳೆಂದು ಗೊತ್ತೇ ಇಲ್ಲದೆ. ಅವನು ಒಂದು ಅಕ್ಷರವನ್ನೂ ಬಿಡದೆ ಟೈಪ್ ಮಾಡಿದ. ಮಧ್ಯಾಹ್ನ ಊಟಕ್ಕೆಂದು ಎದ್ದು ಮನೆಗೆ ಹೋದ.

ಊಟಕ್ಕೆ ಕೂರಲಿಲ್ಲ. ನೇರವಾಗಿ ಸ್ಟೂಲ್ ಹತ್ತಿ ಫೋಟೋ ಇಳಿಸಿದ. ಹೆಂಡತಿ ಅಡುಗೆಮನೆಯಿಂದ ಬಂದು ನೋಡಿದಳು. ಕಟ್ಟಿನ ಹಿಂದಿನಿಂದ ಧೂಳು ತಿಂದ ನೋಟ್‌ಬುಕ್ ಜಾರಿ ಬಿತ್ತು.

"ಏನ್ರೀ ಅದು?"

"ಮೊಳೆ ಸರಿ ಇತ್ತು ಕಣೇ," ಎಂದ ಚುಕ್ಕಿ. ಹೆಂಡತಿ ಸ್ಟೂಲ್ ಹಿಡಿದುಕೊಂಡಳು.

ಅವನು ವಾಪಸು ಬಂದು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಾಗ ಲಾಯರಮ್ಮ ಮಾತ್ರೆ ನುಂಗುತ್ತಿದ್ದರು. ಲೋಟ ಕೆಳಗಿಟ್ಟು, ರಟ್ಟು ನೋಡಿ, ತಮ್ಮ ಅಕ್ಷರವನ್ನು ಗುರುತಿಸಿದರು. ಮೊದಲ ಪುಟದಿಂದ ಓದತೊಡಗಿದರು. ಚುಕ್ಕಿಗೆ ಅದರ ಒಂದೊಂದು ಸಾಲೂ ಬಾಯಿಪಾಠ. ಮೊದಲ ಸಲ ಓದಿದಾಗಲೇ ಅವನಿಗೆ ತಿಳಿದಿತ್ತು, ಒಂಬತ್ತರಲ್ಲಿ ಇದರಷ್ಟು ಗಟ್ಟಿಯಾದ ಸಾಕ್ಷಿ ಇನ್ನೊಂದಿರಲಿಲ್ಲ. 'ಊರುಗೋಲನ್ನು ಹಲಗೆಯ ಮೇಲೆ ನೆಟ್ಟಗೆ ಊರಿ ಹಿಡಿದು ಕೂತಿದ್ದೆ. ಅದರ ರಬ್ಬರ್ ತುದಿ ನೀರಲ್ಲಿ ಮುಳುಗಿದ್ದು ಕಂಡಿತು. ನೋಡ್ತಾ ಇದ್ದ ಹಾಗೇ ನಾಲ್ಕು ಬೆರಳು ಏರಿತು. ಕೋಲು ನೆಟ್ಟಗೇ ಇತ್ತು, ದೋಣಿ ವಾಲಿರಲಿಲ್ಲ, ಒಬ್ಬರೂ ಎದ್ದಿರಲಿಲ್ಲ. ಮಗಳಿಗೆ ತೋರಿಸಿದೆ. ಅಪ್ಪಾ, ನೀರು ಅಂದಳು.' ಅಳತೆಕೋಲು ಹಿಡಿದು ಕೂತಿದ್ದ ಮನುಷ್ಯ. ಅವರ ಬಾಯಿಂದ ಅದನ್ನು ಕಿತ್ತು, ಇಲ್ಲದ ಕಾಲಿಗೆ ಚಪ್ಪಲಿ ತೊಡಿಸಿದ್ದ ಚುಕ್ಕಿ.

"ಇದು ಎಲ್ಲಿತ್ತು?" ಎಂದು ಲಾಯರಮ್ಮ ಕೇಳಿದರು. ಕೋರ್ಟಿನಲ್ಲಿ ಎದುರು ಪಕ್ಷದ ಸಾಕ್ಷಿಯನ್ನು ಕೇಳುವ ದನಿ.

"ನಮ್ಮನೇಲಿ."

"ಯಾವಾಗಿನಿಂದ?"

"ಕೋರ್ಟಲ್ಲಿ ಅದಾಯ್ತಲ್ಲ, ಮಾರನೇ ದಿನದಿಂದ."

"ನಾನು ಅದಲುಬದಲು ಮಾಡಿ ಕೊಟ್ಟಿದ್ನಾ?"

"ಇಲ್ಲ. ನೀವು ಸರಿಯಾಗೇ ಕೊಟ್ಟಿದ್ರಿ. ನಾನು ಬಿಚ್ಚೇ ನೋಡಿರಲಿಲ್ಲ."

"ಅವರಿಗೆ ಓದಿ ಹೇಳಿದ್ಯಾ?"

"ಇಲ್ಲ ಅಮ್ಮ."

ಒಳಗೆ ತಂಗಿ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಬೈದಿದ್ದರೆ ಚುಕ್ಕಿಗೆ ಹಗುರವಾಗುತ್ತಿತ್ತು. ಲಾಯರಮ್ಮ ಬೈಯಲಿಲ್ಲ.

"ಕಲ್ಲುಗಣಿ ಕುಸಿದಾಗ ಹನ್ನೊಂದು ಮನೆಯವರು ಇದೇ ಬಾಗಿಲಿಗೆ ಬಂದಿದ್ರು, ನೆನಪಿದ್ಯಾ?" ಎಂದರು. "ನೀನೇ ಚೇರು ಹಾಕಿದ್ದೆ. ನನ್ನ ತಲೆ ಮೊದಲಿನ ಹಾಗಿಲ್ಲ, ಒಬ್ಬರದು ಇನ್ನೊಬ್ಬರಿಗೆ ಸೇರಿಸಿಬಿಡ್ತೀನಿ, ಬೇರೆ ಯಾರನ್ನಾದ್ರೂ ನೋಡಿ ಅಂತ ಕೈಮುಗಿದು ಕಳಿಸ್ದೆ. ಅವರಿಗೆ ಬೇರೆ ಯಾರೂ ಸಿಗಲಿಲ್ಲ. ಹದಿನೆಂಟು ವರ್ಷ ನಾನು ನನ್ನ ತಲೇನೇ ನಂಬಲಿಲ್ಲ ಕಣೋ. ನನ್ನ ತಲೆಗೆ ಏನೂ ಆಗಿರಲಿಲ್ಲ."

ಕಲ್ಲುಗಣಿಯವರ ವಿಷಯವನ್ನು ಚುಕ್ಕಿ ಇದರ ಜೊತೆ ಸೇರಿಸಿ ನೋಡಿಯೇ ಇರಲಿಲ್ಲ. ತನ್ನ ತಪ್ಪು ಗೋಡೆಯ ಮೇಲಿನ ಒಂದು ಫೋಟೋದಷ್ಟೇ ದೊಡ್ಡದು ಎಂದುಕೊಂಡಿದ್ದ. ಅದು ಹೀಗೆ ತನ್ನ ಬೆನ್ನ ಹಿಂದೆ ಬೆಳೆಯುತ್ತಲೇ ಹೋಗಿದೆ ಎಂದು ಈಗ ತಿಳಿದು, ಅಲ್ಲೇ ಸಾಕ್ಷಿಗಳ ಬೆಂಚಿನ ಮೇಲೆ ಕೂತ. ಅಳು ತಡೆಯಲಾಗಲಿಲ್ಲ.

"ಕ್ಷಮಿಸಿ ಅಮ್ಮ..."

"ಅಳೋದಿದ್ರೆ ಹಿತ್ತಲಿಗೆ ಹೋಗಿ ಅತ್ಕೊಂಡು ಬಾ. ಇಲ್ಲಿ ಕಾಗದ ಒದ್ದೆಯಾಗುತ್ತೆ. ಕ್ಷಮಿಸೋದು ಬಿಡೋದು ಆಮೇಲಿನ ಮಾತು, ಈಗ ನನಗೆ ಪುರುಸೊತ್ತಿಲ್ಲ." ಬೆಳಿಗ್ಗೆ ಬರೆಸಿದ್ದ ತಪ್ಪೊಪ್ಪಿಗೆಯನ್ನು ಎತ್ತಿ, ಕೆಂಪು ಪೆನ್ಸಿಲಿನಿಂದ ಮೂಲೆಯಿಂದ ಮೂಲೆಗೆ ಗೆರೆ ಎಳೆದರು. "ಹೋಗು, ಮೆಷಿನ್ ಮುಂದೆ ಕೂತ್ಕೋ. ಖಾಲಿ ಹಾಳೆ ತೆಗಿ. ಹೆಸರು, ವಯಸ್ಸು, ಉದ್ಯೋಗ."

ಮೂವತ್ತೆರಡು ವರ್ಷದಲ್ಲಿ ಸಾವಿರಾರು ಜನರ ಪ್ರಮಾಣ ಟೈಪ್ ಮಾಡಿದ್ದ ಚುಕ್ಕಿ ತನ್ನ ಹೆಸರನ್ನು ಅಂಥ ಕಾಗದದ ಮೇಲೆ ಮೊದಲ ಸಲ ಟೈಪ್ ಮಾಡಿದ. ನಡೆದದ್ದನ್ನು ಬರೆದ. ನಾಲ್ಕೂ ಕಾಲು ಗಂಟೆ, ಬೆಂಚು, ಇಲ್ಲದ ಕನ್ನಡಕ, ಬಾಗಿಲಲ್ಲಿ ಅಂದ 'ಹೂಂ'. ಮುಗಿದ ಮೇಲೆ ಲಾಯರಮ್ಮ ಅದನ್ನು ಅವನಿಗೆ ಪೂರ್ತಿ ಓದಿ ಹೇಳಿದರು, ಒಂದು ಪದವನ್ನೂ ಬಿಡದೆ, ಪರಿಚಯವೇ ಇಲ್ಲದವನಿಗೆ ಓದುವ ಹಾಗೆ. ಕೊನೆಗೆ ಕೇಳಿದರು: "ಎಲ್ಲಾ ಸರಿಯಾಗಿದ್ಯಾ?"

"ಸರಿಯಾಗಿದೆ."

"ಸಹಿ ಹಾಕು. ಇವತ್ತೇ ಹೋಗಿ ಪ್ರಮಾಣ ಮಾಡಿ ಬಾ. ಪೋಸ್ಟ್‌ಮ್ಯಾನರ ಹೇಳಿಕೇನೂ ನೋಟ್‌ಬುಕ್ ನೋಡ್ಕೊಂಡು ಹೊಸದಾಗಿ ಮಾಡು. ನಾಳೆ ಬೆಳಿಗ್ಗೆ ಅವರ ಮನೆಗೆ ತಗೊಂಡು ಹೋಗಿ ಓದಿ ಹೇಳು. ಉಳಿದಿಬ್ಬರದು ಭಾನುವಾರ."

"ನಾನಾ ಅಮ್ಮ?"

"ಓದಿ ಹೇಳ್ಬೇಕಾಗಿದ್ದವನು ನೀನೇ ಅಲ್ವಾ?"

ಶನಿವಾರ ಬೆಳಿಗ್ಗೆ ಚುಕ್ಕಿ ದೋಣಿ ಹತ್ತಿದ. ಕಟ್ಟೆಯ ಫಲಕಕ್ಕೆ ಹೊಸ ಬಣ್ಣ ಹೊಡೆದಿದ್ದರು. ಈ ಸಲ ನಿಂತು ಪೂರ್ತಿ ಓದಿದ. ಆಚೆ ದಡದಲ್ಲಿ ಎರಡು ಓಣಿ ದಾಟಿದರೆ ಪೋಸ್ಟ್‌ಮ್ಯಾನರ ಮನೆ.

ಪೋಸ್ಟ್‌ಮ್ಯಾನರು ಇನ್ನೂ ಸಣ್ಣಗಾಗಿದ್ದರು. ಚುಕ್ಕಿಯನ್ನು ನೋಡಿ ಮುಖ ಅರಳಿಸಿಕೊಂಡು, "ಅಯ್ಯೋ, ನೀವಾ! ಬನ್ನಿ ಬನ್ನಿ," ಎಂದು ಊರುಗೋಲು ಸರಿಸಿ ಜಾಗ ಮಾಡಿಕೊಟ್ಟರು. ಅವರ ಹೆಂಡತಿ ಒಳಬಾಗಿಲಲ್ಲಿ ನಿಂತು, ಗಂಡನ ಕಡೆ ನೋಡದೆ, "ಬಂದವರಿಗೆ ಕಾಫಿ ಬೇಕಾ ಅಂತ ಕೇಳಬಹುದಲ್ಲ" ಎಂದು ಗೋಡೆಗೆ ಹೇಳಿದರು. ಆ ಗೋಡೆಯ ಮೇಲೆ ಮಗಳ ಫೋಟೋ ಇತ್ತು. ಒಬ್ಬಳೇ ತೆಗೆಸಿಕೊಂಡದ್ದಲ್ಲ, ಹೊಲಿಗೆ ಕ್ಲಾಸಿನ ಗುಂಪಿನ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅಂಚಿನಲ್ಲಿ ಇನ್ಯಾರದೋ ಜಡೆ ಉಳಿದುಕೊಂಡಿತ್ತು. ಹುಡುಗಿಯ ಮುಖ ಮಸುಕಾಗಿ, ನಗುತ್ತಿದ್ದಾಳೋ ಇಲ್ಲವೋ ತಿಳಿಯುವಂತಿರಲಿಲ್ಲ.

ಚುಕ್ಕಿ ಕಾಗದ ತೆಗೆದು ಓದಿದ. ಊರುಗೋಲು, ರಬ್ಬರ್ ತುದಿ, ನಾಲ್ಕು ಬೆರಳು ನೀರು. 'ಅಪ್ಪಾ, ನೀರು' ಎನ್ನುವಲ್ಲಿ ಪೋಸ್ಟ್‌ಮ್ಯಾನರು ಕಣ್ಣು ಮುಚ್ಚಿಕೊಂಡರು.

"ಸರಿಯಾಗಿದೆ," ಎಂದರು. "ಅವತ್ತೂ ನೀವು ಹೀಗೇ ಓದಿರ್ತೀರಿ. ನನ್ನ ಗ್ಯಾನ ಎಲ್ಲಿತ್ತೋ ಏನೋ, ಸುಮ್ಮನೆ ಹೂಂ ಅಂದುಬಿಟ್ಟೆ." ದನಿ ತಗ್ಗಿಸಿ, ಒಳಬಾಗಿಲಿನತ್ತ ತಲೆ ತಿರುಗಿಸಿದರು. "ಇವಳು ಆವತ್ತಿಂದ ನನ್ನ ಜೊತೆ ನೆಟ್ಟಗೆ ಮಾತಾಡಲ್ಲ. ಮಗಳ ಕೇಸನ್ನ ಕೆಡಿಸಿದ ಕಿವುಡ ಅಂತಾಳೆ. ಅವಳು ಹೇಳೋದ್ರಲ್ಲೂ ತಪ್ಪಿಲ್ಲ ಬಿಡಿ."

"ಯಜಮಾನ್ರೇ," ಎಂದ ಚುಕ್ಕಿ. "ನಾನು ಅವತ್ತು ಓದಲಿಲ್ಲ."

"ಏನಂದ್ರಿ?"

"ನಿಮಗೆ ಓದಿ ಹೇಳಲಿಲ್ಲ. ನೀವು ಹೇಳಿದ್ದನ್ನ ಟೈಪೂ ಮಾಡಲಿಲ್ಲ. ಬೇರೆಯವರದ್ದನ್ನ ಹಾಗೇ ಬಿಟ್ಟು ನಿಮ್ಮ ಹತ್ರ ಸಹಿ ಹಾಕಿಸ್ಕೊಂಡೆ. ನೀವು ಕೇಳಿದ್ರಿ, ಓದಿದೀನಿ ಅಂತ ಸುಳ್ಳು ಹೇಳ್ದೆ. ನೀವು ಹೂಂ ಅಂದಿರಲೇ ಇಲ್ಲ."

ಪೋಸ್ಟ್‌ಮ್ಯಾನರು ಅವನ ಮುಖವನ್ನೇ ನೋಡಿದರು. ಸಿಟ್ಟು ಬರಬೇಕಿದ್ದ ಕಡೆ ಅವರ ಕಣ್ಣಲ್ಲಿ ಬಂದದ್ದು ಒಂದು ಥರದ ಆತುರ. ಊರುಗೋಲಿಗಾಗಿ ತಡಕಾಡಿದರು, ಏಳಲಾಗದೆ ಕೂತಲ್ಲಿಂದಲೇ ಕೂಗಿದರು: "ಇವಳೇ! ಇಲ್ಲಿ ಬಾ ಸ್ವಲ್ಪ. ಬಾ ಅಂದ್ರೆ ಬಾ!" ಆಮೇಲೆ ಚುಕ್ಕಿಯ ಮೊಣಕೈ ಗಟ್ಟಿಯಾಗಿ ಹಿಡಿದರು. "ನನಗೆ ಹೇಳಿದ್ದು ಸಾಕು. ಅವಳಿಗೆ ಹೇಳಿ. ಗಟ್ಟಿಯಾಗಿ ಹೇಳಿ, ಅವಳಿಗೆ ಕೇಳಿಸಬೇಕು."

ಆಕೆ ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತ 'ಏನು' ಎನ್ನುವಂತೆ ಬಂದು ನಿಂತರು. ಚುಕ್ಕಿ ಎದ್ದು ನಿಂತು ಎಲ್ಲವನ್ನೂ ಮತ್ತೆ ಮೊದಲಿನಿಂದ ಹೇಳಿದ. ಮೂರನೇ ಸಲ ಹೇಳುವಾಗ ಸುಲಭವಾಗಬೇಕಿತ್ತು, ಆಗಲಿಲ್ಲ. ಹೇಳಿ ಮುಗಿದ ಮೇಲೆ ಆಕೆ ಗಂಡನ ಕಡೆ ತಿರುಗಿ, ಮೊದಲ ಸಲ ನೋಡುತ್ತಿರುವಂತೆ ಅವರನ್ನು ನೋಡಿದರು. ಪೋಸ್ಟ್‌ಮ್ಯಾನರು ತಲೆ ತಗ್ಗಿಸಿ, ಕಾಗದಕ್ಕೆ ನಿಧಾನವಾಗಿ, ದುಂಡಗೆ ಸಹಿ ಹಾಕುತ್ತಿದ್ದರು.

"ಅವತ್ತು ಅಷ್ಟೊಂದು ಅವಸರ ಏನಿತ್ತಪ್ಪ ನಿಂಗೆ?" ಎಂದು ಆಕೆ ಚುಕ್ಕಿಯನ್ನು ಕೇಳಿದರು.

ಇದನ್ನು ಮಾತ್ರ ಲಾಯರಮ್ಮ ಕೇಳಿರಲಿಲ್ಲ. ಅವನ ಅಫಿಡವಿಟ್ಟಿನಲ್ಲಿ ಇದೊಂದು ಇರಲಿಲ್ಲ. ಮಗು ಹುಷಾರಿರಲಿಲ್ಲ ಎನ್ನಬಹುದಿತ್ತು. ಬಾಯಿತನಕ ಬಂದಿತ್ತು ಕೂಡ.

"ಫೋಟೋ ತೆಗೆಸ್ಕೊಳ್ಳೋಕೆ ಹೋಗ್ಬೇಕಿತ್ತು ತಾಯಿ. ಮನೆಯವರೆಲ್ಲ."

ಆಕೆಯ ಕಣ್ಣು ಗೋಡೆಯ ಮೇಲಿನ ಕತ್ತರಿಸಿದ ಫೋಟೋದ ಕಡೆ ಹೋಗಿ ಅಲ್ಲೇ ನಿಂತಿತು. ದನಿಯಲ್ಲಿ ಕುಹಕವಿರಲಿಲ್ಲ.

"ಚೆನ್ನಾಗಿ ಬಂತಾ?"

"ಬಂತು," ಎಂದ ಚುಕ್ಕಿ. "ಎಲ್ಲರೂ ನಗ್ತಾ ಇದೀವಿ."